ಕಿರು ಟ್ರ್ಯಾಕ್ಟರಿಗೊಂದು ಗೊರಬು

ಸಹ್ಯಾದ್ರಿಯ ಘಟ್ಟಸಾಲು ಅರಬ್ಬೀ ಸಮುದ್ರಕ್ಕೆ ತೀರ ಸಮೀಪಿಸಿ ನಿಂತಿರುವ ಎಡೆಗಳಲ್ಲಿ ಕಾರವಾರ ತಾಲೂಕಿನ ಕದ್ರಾವೂ ಒಂದು. ಜೋಯಿಡಾ ತಾಲೂಕಿನ ಡಿಗ್ಗಿಯ ಪರಿಸರದಲ್ಲಿ ಹುಟ್ಟಿದ ಕಾಳೀನದಿಯು ಸೂಪಾ, ಕೊಡಸಳ್ಳಿಗಳ ಕಟ್ಟೆಗಳನ್ನು ದಾಟಿ, ಕೈಗಾದ ಅಣುವಿದ್ಯುತ್ ಸ್ಥಾವರದ ಮಗ್ಗುಲಿನಿಂದ ಇಳಿದುಬಂದು, 1990ರ ದಶಕದಲ್ಲಿ ನಿರ್ಮಿತವಾದ ಕದ್ರಾ ಅಣೆಕಟ್ಟಿನಲ್ಲಿ ಕೊನೆಯ ಸಲ ತಡೆಗೊಂಡು, ಅನಂತರ ಕಾರವಾರದ ಬಳಿ ಕಡಲನ್ನು ಸೇರುತ್ತದೆ. ಇಲ್ಲಿಯ ವಿದ್ಯುದಾಗಾರದ ಸಾಮರ್ಥ್ಯ 150 ಮೆಗಾವಾಟ್; ಮೇಲಣ ಕೈಗಾದಲ್ಲಿ ತಲಾ 220 ಮೆಗಾವಾಟಿನ ನಾಲ್ಕು ಘಟಕಗಳು. ದೇಶದ ಅತಿ ಸೂಕ್ಷ್ಮವಾದ ಯಂತ್ರವಿದ್ಯೆಯು ಬೇರೂರಿರುವ ಈ ಕಣಿವೆಯಲ್ಲಿ, ಗದ್ದೆಯನ್ನು ಹೂಡುವ ರೈತನು ಮಾತ್ರ ಇಂದಿಗೂ ಮಳೆಯಲ್ಲಿ ತೊಯ್ದು ತೊಪ್ಪೆಯಾಗಿಯೇ ಯಂತ್ರವನ್ನು ನಡೆಸುತ್ತಾನೆ.

ಈ ಸೀಮೆಯಲ್ಲಿ ವರ್ಷಕ್ಕೆ 3000 ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುತ್ತದೆ. ಅದರ ಬಹುಪಾಲು ಜೂನಿನಿಂದ ಸೆಪ್ಟೆಂಬರಿನೊಳಗೆ. ಮೃಗಶಿರಾ, ಆರಿದ್ರಾ, ಪುನರ್ವಸು, ಪುಷ್ಯ—ಯಾವ ಮಳೆಗಳು ಹೆಚ್ಚು ಬಿರುಸಾಗಿ ಸುರಿಯುವುವೋ ಆ ಮಳೆಗಳಲ್ಲಿಯೇ ಗದ್ದೆಯನ್ನು ಕೆಸರುಮಾಡಿ ನೆಟ್ಟಿ ಮುಗಿಸಬೇಕು. ಬಯಲುಸೀಮೆಯ ರೈತನು ಮಳೆ ನಿಂತ ಮೇಲೆ ಟ್ರ್ಯಾಕ್ಟರನ್ನು ಹೊರಕ್ಕೆ ತೆಗೆಯುತ್ತಾನೆ; ಕರಾವಳಿಯವನಿಗೆ ಮಳೆಯೇ ಮುಹೂರ್ತ. ಆದುದರಿಂದ ಟ್ರ್ಯಾಕ್ಟರಿಗೆ ಮಾಡು ಕಟ್ಟುವ ವಿಚಾರವು ಇಲ್ಲಿ ಶೋಕಿಯ ಮಾತಲ್ಲ. ದಿನಕ್ಕೆ ಆರೆಂಟು ತಾಸು ನೆನೆದ ಬಟ್ಟೆಯಲ್ಲಿ ಕುಳಿತವನ ಕೈಬೆರಳು ಮರಗಟ್ಟುತ್ತದೆ, ಕಣ್ಣಿಗೆ ನೀರು ರಾಚುತ್ತದೆ, ಒದ್ದೆಗಾಲು ಕ್ಲಚ್ಚಿನ ಮೇಲಿಂದ ಜಾರುತ್ತದೆ. ಅಪಘಾತಕ್ಕೆ ಇಷ್ಟು ಸಾಕು. ಇದನ್ನು ತಪ್ಪಿಸಲೆಂದು ಕೆಲವರು ಕೊಡೆಯನ್ನು ಮಡ್‌ಗಾರ್ಡಿಗೆ ಹಗ್ಗದಿಂದ ಬಿಗಿಯುವುದುಂಟು; ಕೆಲವರು ಗೊಬ್ಬರದ ಚೀಲವನ್ನು ತಲೆಗೆ ಹೊದ್ದುಕೊಳ್ಳುವುದುಂಟು. ಕೊಡೆಯು ಮೊದಲ ಗಾಳಿಗೇ ಮಗುಚುತ್ತದೆ. ಚೀಲವು ಎರಡು ಪಕ್ಕದ ನೋಟವನ್ನೂ ಮುಚ್ಚಿಬಿಡುತ್ತದೆ.

ಮಳೆಯಿಂದ ಮರೆಯಾಗುವ ವಿದ್ಯೆ ನಮ್ಮ ನಾಡಿಗೆ ಹೊಸದೇನೂ ಅಲ್ಲ. ಬಿದಿರಿನ ಹಂದರಕ್ಕೆ ಎಲೆಗಳನ್ನು ಹೆಣೆದು ಬೆನ್ನಮೇಲೆ ಕವುಚಿಕೊಳ್ಳುವ ಗೊರಬು, ಕಂಬಳಿಯ ಒಂದು ಮೂಲೆಯನ್ನು ಮಡಿಸಿ ತಲೆಗೆ ಹಾಕಿಕೊಳ್ಳುವ ಕೊಪ್ಪೆ, ಇವೆರಡನ್ನೂ ಘಟ್ಟದ ಮೇಲಿನವರೂ ಕೆಳಗಿನವರೂ ಬಲ್ಲರು. ಗೊರಬಿನಲ್ಲಿ ಮೂರು ಗುಣಗಳನ್ನು ಗಮನಿಸಬೇಕು: ಅದು ಬೆನ್ನನ್ನು ಮುಚ್ಚಿ ಕೈಗಳನ್ನು ಬಿಡುವಾಗಿರಿಸುತ್ತದೆ, ಮುಂದಣ ನೋಟಕ್ಕೆ ಅಡ್ಡಬರುವುದಿಲ್ಲ, ಮಳೆ ಬಿಟ್ಟಾಗ ಕಳಚಿ ಗದ್ದೆಯ ಬದುವಿನ ಮೇಲಿಡಬಹುದು. ಬಂಡಿಗೂ ಇದೇ ಉಪಾಯ. ಜಾತ್ರೆಗೋ ಬೀಗರೂರಿಗೋ ಹೊರಟಾಗ ಬಿದಿರಿನ ಕಮಾನುಗಳನ್ನು ಬಗ್ಗಿಸಿ, ಮೇಲೆ ಚಾಪೆ ಹೊದಿಸಿ ಕಟ್ಟಿದರೆ ಅದು ಕೊಲ್ಲಾರಿ ಬಂಡಿ. ಮರುದಿನ ಗೊಬ್ಬರ ಹೇರಬೇಕಾದರೆ ಕಮಾನನ್ನು ಕಿತ್ತಿಟ್ಟರೆ ಅದೇ ಸಾದಾ ಚಕ್ಕಡಿ.

ಇನ್ನೂ ಹಿಂದಕ್ಕೆ ಹೋದರೆ, ರಥಕ್ಕೆ ಕಟ್ಟುವ ರಕ್ಷೆಗೆ ‘ವರೂಥ’ವೆಂಬ ಹೆಸರನ್ನು ಅಮರಕೋಶವು ಕ್ಷತ್ರಿಯವರ್ಗದಲ್ಲಿ ಹೇಳುತ್ತದೆ. ಕಂಬಳಿ ಹೊದಿಸಿದ ರಥವು ‘ಕಾಂಬಲ’, ಬಟ್ಟೆ ಹೊದಿಸಿದುದು ‘ವಾಸ್ತ್ರ’. ಹೊದಿಕೆಯ ಹೆಸರಿನಿಂದಲೇ ರಥದ ಹೆಸರನ್ನು ಸಾಧಿಸುವುದಕ್ಕಾಗಿ ಪಾಣಿನಿಯು ಅಷ್ಟಾಧ್ಯಾಯಿಯ ನಾಲ್ಕನೆಯ ಅಧ್ಯಾಯದಲ್ಲಿ ಪ್ರತ್ಯೇಕ ಸೂತ್ರವನ್ನೇ ರಚಿಸಿದ್ದಾನೆ. ವ್ಯಾಕರಣವು ಸೂತ್ರ ಮಾಡಬೇಕಾದಷ್ಟು ಈ ಹೊದಿಕೆಗಳು ಅಂದಿನ ಲೋಕದಲ್ಲಿ ಬಳಕೆಯಲ್ಲಿದ್ದುವೆಂದಾಯಿತು. ಆ ಲೆಕ್ಕದಲ್ಲಿ ತಾಡಪತ್ರಿ ಹೊದಿಸಿದ ಟ್ರ್ಯಾಕ್ಟರಿಗೂ ಒಂದು ತದ್ಧಿತಾಂತವನ್ನು ಸಾಧಿಸಿಕೊಡಬಹುದು! ತಾಡಪತ್ರಿ ಎಂಬ ಮಾತಾದರೋ ಪರದೇಶದಿಂದ ಬಂದ ಟಾರ್ಪಾಲಿನ ಹೆಸರನ್ನು ನಮ್ಮ ಜನ ತಾಳೆಗರಿಯ ಹೆಸರಿಗೆ ಹೊಂದಿಸಿಕೊಂಡದ್ದೆಂದು ತೋರುತ್ತದೆ. ಹೊಂದಿಕೆ ಸೊಗಸಾಗಿಯೇ ಇದೆ. ಗರಿಯು ಮಾಡುತ್ತಿದ್ದ ಕೆಲಸವನ್ನೇ ಇದೂ ಮಾಡುತ್ತದಷ್ಟೆ.

ಕಾರ್ಖಾನೆಯವರು ಟ್ರ್ಯಾಕ್ಟರಿಗೆ ಮುಚ್ಚುಕೋಣೆ ಕಟ್ಟಿದ ಕಥೆ ಬೇರೆ. ಅಮೆರಿಕದ ಮಿನಿಯಾಪೊಲಿಸ್–ಮೊಲೀನ್ ಸಂಸ್ಥೆಯು 1938ರಲ್ಲಿ ಮೋಟಾರು ಕಾರಿನಂತೆ ಬಾಗಿಲು, ಗಾಜುಗಳಿದ್ದ ಟ್ರ್ಯಾಕ್ಟರೊಂದನ್ನು ಹೊರತಂದಿತು. ಬೆಲೆ ವಿಪರೀತವಾದುದರಿಂದ ಸುಮಾರು ನೂರೈವತ್ತಕ್ಕೇ ಅದರ ತಯಾರಿಕೆ ನಿಂತಿತು. ಮುಂದೆ ಸ್ವೀಡನ್ ದೇಶವು 1959ರಲ್ಲಿ, ಹೊಸ ಟ್ರ್ಯಾಕ್ಟರುಗಳಿಗೆಲ್ಲ ಮಗುಚಿದರೆ ಚಾಲಕನನ್ನು ಕಾಯುವ ಬಲವಾದ ಕಟ್ಟು ಇರಲೇಬೇಕೆಂದು ವಿಧಿಸಿತು. ಅಲ್ಲಿ ಟ್ರ್ಯಾಕ್ಟರು ಮಗುಚಿ ಸಾಯುವವರ ಸಂಖ್ಯೆ ಕ್ರಮೇಣ ಬಹುವಾಗಿ ಇಳಿಯಿತು. ಇಲ್ಲಿ ಎರಡು ವಸ್ತುಗಳನ್ನು ಬೇರೆ ಬೇರೆಯಾಗಿ ತಿಳಿಯಬೇಕು. ಮಳೆಬಿಸಿಲನ್ನು ತಡೆಯುವ ಮಾಡು ಒಂದು. ಟ್ರ್ಯಾಕ್ಟರಿನ ಭಾರವನ್ನೇ ಹೊರಬಲ್ಲ ರಕ್ಷಾಕಟ್ಟು ಮತ್ತೊಂದು. ಎರಡನೆಯದನ್ನು ನಿಯತವಾದ ಉಕ್ಕಿನಿಂದ ಮಾಡಿ, ಕುಟ್ಟಿ, ಒತ್ತಿ, ಪರೀಕ್ಷಿಸಿ ಒಪ್ಪಿಗೆ ಕೊಡುತ್ತಾರೆ. ಊರ ವೆಲ್ಡಿಂಗ್ ಅಂಗಡಿಯಲ್ಲಿ ಮಾಡಿದ ಮಾಡು ಎಷ್ಟೇ ಗಟ್ಟಿಯಾಗಿ ಕಂಡರೂ ಅದು ಗೊರಬೇ ಹೊರತು ಕವಚವಲ್ಲ. ಈ ಭೇದವನ್ನು ಮರೆತವರು ಮಾಡಿನ ಧೈರ್ಯದಿಂದ ಇಳಿಜಾರಿಗೆ ಯಂತ್ರವನ್ನು ನುಗ್ಗಿಸುತ್ತಾರೆ.

ಸೀಟಿನ ಪಟ್ಟಿಯ ವಿಷಯವೂ ಇದಕ್ಕೆ ಸೇರಿದ್ದು. ಕಾರ್ಖಾನೆಯ ರಕ್ಷಾಕಟ್ಟು ಇದ್ದಲ್ಲಿ ಪಟ್ಟಿಯನ್ನು ಕಟ್ಟಿಕೊಳ್ಳಲೇಬೇಕು. ಮಗುಚಿದಾಗ ಚಾಲಕನು ಕಟ್ಟಿನ ಒಳಗೇ ಉಳಿಯುತ್ತಾನೆ. ರಕ್ಷಾಕಟ್ಟಿಲ್ಲದೆ ಬರಿಯ ಮಾಡು ಇದ್ದಲ್ಲಿ ಪಟ್ಟಿಯನ್ನು ಕಟ್ಟಿಕೊಳ್ಳಬಾರದು. ಕಟ್ಟಿಕೊಂಡರೆ ಮಗುಚಿದ ಯಂತ್ರದ ಅಡಿಯಲ್ಲಿ ಅವನು ಬಂಧಿತನಾದಂತೆ. ನಮ್ಮ ನಾಡಿನಲ್ಲಿ ದುಡಿಯುತ್ತಿರುವ ಅನೇಕ ಕಿರು ಟ್ರ್ಯಾಕ್ಟರುಗಳಿಗೆ ರಕ್ಷಾಕಟ್ಟು ಇಲ್ಲವೆಂಬುದನ್ನು ನೆನೆದರೆ ಈ ಮಾತಿನ ಗಂಭೀರತೆ ತಿಳಿದೀತು.

ಕಿರು ಟ್ರ್ಯಾಕ್ಟರೆಂದರೆ ಸ್ಥೂಲವಾಗಿ ಹದಿನೈದರಿಂದ ಇಪ್ಪತ್ತು ಅಶ್ವಶಕ್ತಿಯದು, ಏಳೆಂಟು ನೂರು ಕಿಲೋ ತೂಗುವಂಥದು. 1967ರಲ್ಲಿ ಜಪಾನಿನ ಮಿತ್ಸುಬಿಷಿಯ ಸಹಯೋಗದಿಂದ ಬೆಂಗಳೂರಿನಲ್ಲಿ ಸ್ಥಾಪಿತವಾದ ವಿ.ಎಸ್.ಟಿ. ಸಂಸ್ಥೆಯು ಮೊದಲು ಪವರ್ ಟಿಲ್ಲರುಗಳನ್ನೂ ಮುಂದೆ ಇಂಥ ಟ್ರ್ಯಾಕ್ಟರುಗಳನ್ನೂ ಕನ್ನಡನಾಡಿಗೆ ಪರಿಚಯಿಸಿತು. ಕರಾವಳಿಯ ತುಂಡುಗದ್ದೆಗಳಿಗೂ ಅಡಿಕೆಯ ತೋಟಗಳಿಗೂ ಈ ಗಾತ್ರವೇ ತಕ್ಕದ್ದು. ಒಂಬತ್ತು ಅಡಿಯ ಅಂತರದಲ್ಲಿ ಅಡಿಕೆ ನೆಟ್ಟ ತೋಟದಲ್ಲಿ ದೊಡ್ಡ ಯಂತ್ರ ತಿರುಗಲಾರದು. ಗೇರುಮರಗಳ ಕೆಳಗೆ ನುಗ್ಗುವಾಗ ತಗ್ಗಿದ ಕೊಂಬೆಗಳು ಅಡ್ಡಬರುತ್ತವೆ. ಬೇಸಗೆಯಲ್ಲಿ ಮುಚ್ಚಿದ ಮಾಡಿನೊಳಗೆ ಎಂಜಿನ್ನಿನ ಕಾವು ತುಂಬಿ ಕುಳಿತವನು ಬೇಯುತ್ತಾನೆ. ಮಾಡು ಕಳಚುವಂತಿರಬೇಕೆನ್ನುವುದು ಈ ಕಾರಣಗಳಿಂದ.

ತೂಕದ ಮಾತನ್ನು ಸ್ವಲ್ಪ ವಿಸ್ತರಿಸಬೇಕಾಗಿದೆ. ಮನೆಯಲ್ಲಿ ಮಾಡುವವರು ಎಡವುವುದು ಇಲ್ಲಿಯೇ. ಟ್ರ್ಯಾಕ್ಟರಿನ ತೂಕ 750 ಕಿಲೋ, ಅದರ ಗುರುತ್ವಕೇಂದ್ರವು ನೆಲದಿಂದ 60 ಸೆಂಟಿಮೀಟರು ಎತ್ತರದಲ್ಲಿದೆ, ಹಿಂದಿನ ಎರಡು ಗಾಲಿಗಳ ನಡುಗಳಿಗಿರುವ ಅಂತರ 90 ಸೆಂಟಿಮೀಟರು ಎಂದಿಟ್ಟುಕೊಳ್ಳೋಣ. ನಿಂತಲ್ಲೇ ಪಕ್ಕಕ್ಕೆ ಓರೆಮಾಡುತ್ತ ಹೋದರೆ ಸುಮಾರು 37 ಡಿಗ್ರಿಗೆ ಅದು ಮಗುಚುತ್ತದೆ. ಇದರ ಮೇಲೆ 40 ಕಿಲೋ ತೂಕದ, ತನ್ನ ಗುರುತ್ವಕೇಂದ್ರವು 160 ಸೆಂಟಿಮೀಟರು ಎತ್ತರದಲ್ಲಿರುವ ಮಾಡನ್ನು ಕೂರಿಸಿದರೆ ಒಟ್ಟಿನ ಕೇಂದ್ರವು ಐದು ಸೆಂಟಿಮೀಟರು ಮೇಲಕ್ಕೇರಿ, ಮಗುಚುವ ಓರೆ 35 ಡಿಗ್ರಿಗೆ ಇಳಿಯುತ್ತದೆ. ಅದೇ ಮಾಡನ್ನು ಮರದ ರೀಪು, ದಪ್ಪ ತಗಡು, ಹಳೆಯ ಲಾರಿಯ ಗಾಜುಗಳಿಂದ 120 ಕಿಲೋ ಆಗುವಂತೆ ಕಟ್ಟಿದರೋ, ಕೇಂದ್ರವು ಹದಿನಾಲ್ಕು ಸೆಂಟಿಮೀಟರು ಏರಿ ಓರೆಯು 31 ಡಿಗ್ರಿಗೆ ಬರುತ್ತದೆ. ಇದು ನಿಂತ ಯಂತ್ರದ ಲೆಕ್ಕ. ನಡೆಯುವ ಯಂತ್ರವು ಒಂದು ಗಾಲಿಯನ್ನು ಬದುವಿನ ಮೇಲೇರಿಸಿ ಮತ್ತೊಂದನ್ನು ಗುಂಡಿಗೆ ಇಳಿಸಿದಾಗ ಇದರ ಅರ್ಧ ಓರೆಯಲ್ಲಿಯೇ ಮಗುಚಬಹುದು. ಮಾಡಿನ ತೂಕವು ಇಬ್ಬರು ಆಳುಗಳು ಎತ್ತಿ ಇಳಿಸುವಷ್ಟಕ್ಕೆ ಮೀರಬಾರದೆಂಬ ನಿಯಮವನ್ನು ಇಟ್ಟುಕೊಂಡರೆ ಲೆಕ್ಕ ಹಾಕಲು ಬಾರದವರಿಗೂ ಕ್ಷೇಮ.

ಇನ್ನು ನಿರ್ಮಾಣದ ಕ್ರಮ. ಹಂದರಕ್ಕೆ 25 ಮಿಲಿಮೀಟರು ಚೌಕದ, 1.6 ಮಿಲಿಮೀಟರು ದಪ್ಪದ ಕಬ್ಬಿಣದ ಚೌಕ ಪೈಪು ಸಾಕು. ಮೀಟರಿಗೆ ಸುಮಾರು 1.2 ಕಿಲೋ ತೂಗುತ್ತದೆ. ನಾಲ್ಕು ಕಂಬ, ಮೇಲಣ ಚೌಕಟ್ಟು, ಮೂರು ಕಮಾನು, ನಡುವಿನ ಅಡ್ಡಪಟ್ಟಿ ಎಲ್ಲ ಸೇರಿ ಇಪ್ಪತ್ತು ಮೀಟರು ಹಿಡಿಯುತ್ತದೆ. ಅಂದರೆ 24 ಕಿಲೋ. ಮೇಲೆ ಅರ್ಧ ಮಿಲಿಮೀಟರಿನ ಸತುಲೇಪಿತ ತಗಡು ಹೊದಿಸಿದರೆ ಮತ್ತೆ ಎಂಟು ಕಿಲೋ. ಪರದೆ, ಬೋಲ್ಟುಗಳಿಗೆ ಉಳಿದದ್ದು. ಅಳತೆಯನ್ನು ಟ್ರ್ಯಾಕ್ಟರಿನಿಂದ ಮಾತ್ರವಲ್ಲ, ಚಾಲಕನಿಂದಲೂ ತೆಗೆದುಕೊಳ್ಳಬೇಕು. ಅವನನ್ನು ಸೀಟಿನ ಮೇಲೆ ಕೂರಿಸಿ, ಮುಂಡಾಸು ಕಟ್ಟುವ ಅಭ್ಯಾಸವಿದ್ದರೆ ಮುಂಡಾಸಿನ ಸಹಿತ ಅಳೆದು, ನೆತ್ತಿಯ ಮೇಲೆ ಒಂದು ಗೇಣು ತೆರವು ಬಿಡಬೇಕು. ಕಬ್ಬಿಣದ ಗಾಲಿ ಬದುವನ್ನು ಏರಿಳಿಯುವಾಗ ಮೈ ಕುಪ್ಪಳಿಸುತ್ತದೆ. ತೆರವು ಸಾಲದಿದ್ದರೆ ತಲೆಗೆ ಪೆಟ್ಟು ನಿಶ್ಚಯ.

ಕಂಬಗಳನ್ನು ಎಲ್ಲಿ ನಿಲ್ಲಿಸುವುದೆಂಬುದೇ ದೊಡ್ಡ ಪ್ರಶ್ನೆ. ಮಡ್‌ಗಾರ್ಡು ತೆಳುತಗಡಿನದು, ಅದರ ಮೇಲೆ ನಿಲ್ಲಿಸಿದ ಮಾಡು ಒಂದು ಹಂಗಾಮಿನೊಳಗೆ ಅದನ್ನು ಸೀಳಿಬಿಡುತ್ತದೆ. ಹಿಂಗಂಬಗಳ ಪಾದಗಳು ಹಿಂದಿನ ಅಚ್ಚಿನ ಕವಚಕ್ಕೆ ಬಿಗಿದ ಯು ಆಕಾರದ ಬೋಲ್ಟುಗಳ ಮೇಲೆ ಕೂರಬೇಕು. ಮುಂಗಂಬಗಳವು ಕಾಲುಮಣೆಯನ್ನು ಹೊತ್ತ ಉಕ್ಕಿನ ಕೈಗಳ ಮೇಲೆ. ಕಾರ್ಖಾನೆಯ ರಕ್ಷಾಕಟ್ಟು ಇದ್ದರೆ ಅದಕ್ಕೆ ತೂತು ಕೊರೆಯಲೂ ಬಾರದು, ವೆಲ್ಡಿಂಗ್ ಮಾಡಲೂ ಬಾರದು. ಎರಡೂ ಅದರ ಉಕ್ಕಿನ ಬಲವನ್ನು ಕೆಡಿಸುತ್ತವೆ. ಪಾದಕ್ಕೂ ಹಂದರಕ್ಕೂ ನಡುವೆ ಹಳೆಯ ಟಯರಿನಿಂದ ಕತ್ತರಿಸಿದ ಎರಡು ಬೆರಳು ದಪ್ಪದ ರಬ್ಬರನ್ನು ಇಡತಕ್ಕದ್ದು. ಎಂಜಿನ್ನಿನ ನಡುಕವು ನೇರವಾಗಿ ತಗಡಿಗೆ ಮುಟ್ಟಿದರೆ ಮಾಡೆಲ್ಲ ನಗಾರಿಯಂತೆ ಮೊಳಗುತ್ತದೆ. ಇದು ಕೇವಲ ಕಿರಿಕಿರಿಯ ಮಾತಲ್ಲ. ಹಿಂದೆ ಪಾಶ್ಚಾತ್ಯ ದೇಶಗಳಲ್ಲಿ ತಗಡಿನ ಕೋಣೆಗಳನ್ನು ಕಟ್ಟಿದ ಮೇಲೆ ಚಾಲಕರು ಮಳೆಯಿಂದ ಉಳಿದು ಕಿವುಡರಾಗತೊಡಗಿದರು. 1970ರ ದಶಕದಲ್ಲಿ ಬ್ರಿಟನ್ನು ಕೋಣೆಯೊಳಗಿನ ಸದ್ದಿಗೆ 90 ಡೆಸಿಬೆಲ್ಲಿನ ಮಿತಿಯನ್ನು ವಿಧಿಸಬೇಕಾಯಿತು. ತಗಡಿಗಿಂತ ತಾಡಪತ್ರಿ ಈ ದೃಷ್ಟಿಯಿಂದ ಮೇಲು. ಬಟ್ಟೆ ಸದ್ದನ್ನು ಹಿಂದಕ್ಕೆ ಎಸೆಯುವುದಿಲ್ಲ.

ಮುಂದುಗಡೆಗೆ ಗಾಜು ಹಾಕುವ ಆಸೆ ಎಲ್ಲರಿಗೂ ಸಹಜ. ಕಿಟಕಿಯ ಸಾದಾ ಗಾಜು ಒಡೆದರೆ ಕತ್ತಿಯಾಗುತ್ತದೆ. ಅದು ಸರ್ವಥಾ ಕೂಡದು. ಪಾಲಿಕಾರ್ಬೊನೇಟ್ ಹಾಳೆ ಒಡೆಯುವುದಿಲ್ಲವಾದರೂ ಕೆಸರುಬಟ್ಟೆಯಲ್ಲಿ ಒರೆಸಿ ಒರೆಸಿ ಗೀರುಬಿದ್ದು ಎರಡನೆಯ ಮಳೆಗಾಲಕ್ಕೆ ಮಂಜಾಗುತ್ತದೆ. ನೀರೊರೆಸುವ ಕಡ್ಡಿಯಿಲ್ಲದ ಗಾಜಿನ ಹಿಂದೆ ಕುಳಿತವನಿಗೆ ಆರಿದ್ರೆಯ ಮಳೆಯಲ್ಲಿ ಬದುವೂ ಕಾಣದು, ಬದುವಿನ ಮೇಲೆ ನಿಂತ ಮಗುವೂ ಕಾಣದು. ಮುಂದನ್ನು ತೆರೆದೇ ಇಟ್ಟು ಮಾಡಿನ ಚಾಚನ್ನು ಒಂದೂವರೆ ಅಡಿ ಮುಂದಕ್ಕೆ ಬಿಡುವುದೇ ಇದಕ್ಕಿಂತ ಲೇಸು. ಗೊರಬಿನವರು ಮಾಡಿದ್ದೂ ಅದನ್ನೇ. ಗಾಳಿಮಳೆ ಮುಖಕ್ಕೆ ಹೊಡೆದರೆ ಸ್ವಲ್ಪ ತೊಯ್ಯಲಿ; ಕಣ್ಣು ಮುಚ್ಚಿ ನಡೆಸುವುದಕ್ಕಿಂತ ಅದು ವಾಸಿ.

ಪಕ್ಕಗಳಿಗೆ ಸುತ್ತಿ ಮೇಲಕ್ಕೆ ಕಟ್ಟಬಹುದಾದ ತಾಡಪತ್ರಿಯ ಪರದೆಗಳು ಬೇಕು. ಇವನ್ನು ಗಂಟುಹಾಕಿ ಕಟ್ಟಕೂಡದು. ಕೈಯಿಂದ ತಳ್ಳಿದರೆ ತಾನಾಗಿ ಬಿಟ್ಟುಕೊಳ್ಳುವ ಕೊಕ್ಕೆಗಳಿರಬೇಕು. ಎರಡೂ ಪಕ್ಕದಿಂದ ಇಳಿಯಲು ದಾರಿಯಿರಬೇಕು, ಒಂದು ಪಕ್ಕ ನೆಲಕ್ಕೆ ಒರಗಿದಾಗ ಇನ್ನೊಂದು ಪಕ್ಕವೇ ಬಾಗಿಲು. ಮಾಡು ಕಟ್ಟಿ ಮುಗಿದ ದಿನ ಎಂಜಿನ್ನನ್ನು ನಿಲ್ಲಿಸಿ, ಚಾಲಕನು ಕಣ್ಣು ಮುಚ್ಚಿಕೊಂಡು ಎಡಕ್ಕೊಮ್ಮೆ ಬಲಕ್ಕೊಮ್ಮೆ ಇಳಿದು ನೋಡತಕ್ಕದ್ದು. ಮೂರೆಣಿಸುವುದರೊಳಗೆ ಕಾಲು ನೆಲಕ್ಕೆ ತಾಗದಿದ್ದರೆ ಪಟ್ಟಿಗಳನ್ನು ಕಿತ್ತು ಮತ್ತೆ ಜೋಡಿಸಬೇಕು. ಹಿಂಭಾಗ ಪೂರ್ತಿ ತೆರೆದಿರಲಿ. ಹಿಂದೆ ತಿರುಗುವ ರೋಟವೇಟರನ್ನು ಕಣ್ಣಿನಿಂದ ನೋಡುತ್ತಲೇ ನಡೆಸಬೇಕಷ್ಟೆ. ಪರದೆಯ ಸೆರಗಾಗಲಿ ಹಗ್ಗದ ತುದಿಯಾಗಲಿ ಪಿ.ಟಿ.ಓ. ದಂಡದ ಹತ್ತಿರ ಸುಳಿಯಬಾರದು. ಹೊಗೆಕೊಳವೆಯ ಬಾಯಿ ಮಾಡಿನ ಚಾಚಿನ ಅಡಿಯಲ್ಲಿ ಬಂದರೆ ಹೊಗೆ ಒಳಕ್ಕೇ ತಿರುಗುತ್ತದೆ. ಕೊಳವೆಯನ್ನು ಮಾಡಿಗಿಂತ ಎತ್ತರಿಸಬೇಕು, ಇಲ್ಲವೆ ಅಲ್ಲಿ ಚಾಚನ್ನು ಕೊರೆದು ಬಿಡಬೇಕು.

ಕೆಸರಿನಲ್ಲಿ ಹೂತ ಗಾಲಿಯ ವಿಷಯವನ್ನು ಇಲ್ಲಿಯೇ ಹೇಳಿಬಿಡುವುದು ಮೇಲು. ಹಿಂದಿನ ಗಾಲಿ ಹೂತುಹೋದಾಗ ಅದಕ್ಕೆ ಮರದ ದಿಮ್ಮಿಯನ್ನು ಕಟ್ಟಿ ಎಂಜಿನ್ನಿಗೆ ಬಲಕೊಡುವ ರೂಢಿ ಕೆಲವೆಡೆ ಇದೆ. ಗಾಲಿ ತಿರುಗಲಾರದೆ ನಿಂತರೆ ಟ್ರ್ಯಾಕ್ಟರೇ ಅಚ್ಚಿನ ಸುತ್ತ ತಿರುಗಿ ಮೂತಿಯೆತ್ತಿ ಹಿಂದಕ್ಕೆ ಮಗುಚುತ್ತದೆ. ತಡೆಯಲಾಗದ ಹಂತವನ್ನು ಮುಟ್ಟಲು ಅದಕ್ಕೆ ಒಂದು ಸೆಕೆಂಡೂ ಬೇಡ. ಮನೆಯಲ್ಲಿ ಮಾಡಿದ ಮಾಡು ಆ ಹೊಡೆತಕ್ಕೆ ಕಾಗದದಂತೆ ಮಡಿಸಿಕೊಳ್ಳುತ್ತದೆ. ಮಾಡಿರಲಿ ಬಿಡಲಿ, ಹೂತ ಯಂತ್ರವನ್ನು ಮತ್ತೊಂದು ಯಂತ್ರದಿಂದಲೋ ಜನರಿಂದಲೋ ಎಳೆಯಿಸಬೇಕು.

ಕಬ್ಬಿಣವೇ ಬೇಕೆಂದೇನೂ ಇಲ್ಲ. ಹದಿನೈದು ಅಶ್ವಶಕ್ತಿಯ ಯಂತ್ರಕ್ಕೆ ನಾಲ್ಕು ಕಬ್ಬಿಣದ ಗೂಟಗಳ ಮೇಲೆ ಬಿದಿರಿನ ಕಮಾನುಗಳನ್ನು ಕೂರಿಸಿ ತಾಡಪತ್ರಿ ಬಿಗಿಯುವುದೇ ಉತ್ತಮವೆಂದು ಹೇಳಬೇಕು. ತೂಕ ಅರ್ಧಕ್ಕೆ ಇಳಿಯುತ್ತದೆ, ಕೊಂಬೆ ತಾಗಿದರೆ ಬಾಗಿ ನೆಟ್ಟಗಾಗುತ್ತದೆ, ಮುರಿದರೆ ಮರುದಿನವೇ ಬೇರೊಂದನ್ನು ಹಾಕಬಹುದು. ಬಿದಿರನ್ನು ಮಳೆ ಕಳೆದ ಮೇಲೆ ಕಡಿದು, ಹರಿವ ನೀರಿನಲ್ಲಿ ಕೆಲವು ವಾರ ನೆನೆಯಿಟ್ಟು, ನೆರಳಿನಲ್ಲಿ ಒಣಗಿಸಬೇಕು. ಹುಳು ತಿನ್ನುವ ಸಿಹಿಯಂಶ ನೀರಿಗೆ ಹೋಗುತ್ತದೆ. 2017ರ ತಿದ್ದುಪಡಿಯಿಂದ ಭಾರತೀಯ ಅರಣ್ಯ ಅಧಿನಿಯಮವು ಬಿದಿರನ್ನು ಮರಗಳ ಪಟ್ಟಿಯಿಂದ ಕೈಬಿಟ್ಟಿದೆಯಾದರೂ ಕಾಡಿನೊಳಗಣ ಬಿದಿರಿಗೆ ಇಲಾಖೆಯ ಅಪ್ಪಣೆ ಬೇಕೇ ಬೇಕು. ಸ್ವಂತ ಹಿತ್ತಿಲಿನ ಮೆಳೆಯಿದ್ದವರು ಪುಣ್ಯವಂತರು. ಬಿದಿರಿನ ಕೆಲಸವನ್ನು ಕೀಳೆಂದು ಕಾಣುವ ವಿದ್ಯಾರ್ಥಿಗಳಿಗೆ ಹನ್ನೆರಡನೆಯ ಶತಮಾನದ ಶರಣರಲ್ಲಿ ಮೇದರ ಕೇತಯ್ಯನ ಕಾಯಕ ಯಾವುದೆಂದೂ, ಹಗ್ಗ ಹೊಸೆಯುತ್ತಿದ್ದ ನುಲಿಯ ಚಂದಯ್ಯನು ಯಾರೆಂದೂ ಈ ಶಾಲೆಯಲ್ಲಿ ಬೇರೆಯಾಗಿ ಹೇಳಬೇಕಾಗಿಲ್ಲ. ಕಮಾನನ್ನು ಬಿಗಿಯುವ ಕಟ್ಟು ಒದ್ದೆಯಾದಾಗ ಸಡಿಲದಂತೆ ಹಾಕಲು ಬಲ್ಲವರು ಊರಿನಲ್ಲಿ ಈಗ ಎಷ್ಟು ಮಂದಿ ಉಳಿದಿದ್ದಾರೆಂಬುದು ಮಾತ್ರ ವಿಚಾರಿಸತಕ್ಕ ಸಂಗತಿ.

ಕಾಯಿದೆಯ ದೃಷ್ಟಿಯಿಂದ ಒಂದು ಮಾತು. 1988ರ ಮೋಟಾರು ವಾಹನ ಅಧಿನಿಯಮದ 52ನೆಯ ಕಲಮು, ನೋಂದಣಿಪತ್ರದಲ್ಲಿ ನಮೂದಾದ ವಿವರಗಳಿಗೆ ವಿರುದ್ಧವಾಗುವಂತೆ ವಾಹನವನ್ನು ಮಾರ್ಪಡಿಸುವುದನ್ನು ನಿಷೇಧಿಸುತ್ತದೆ. ಶಾಶ್ವತವಾಗಿ ಬೆಸೆದ ಕೋಣೆಯು ಈ ತೊಡಕಿಗೆ ಸಿಕ್ಕೀತು. ಗದ್ದೆಯ ಕೆಲಸಕ್ಕೆ ಮಾತ್ರ ಏರಿಸಿ, ರಸ್ತೆಗೆ ಇಳಿಯುವಾಗ ಕಳಚಿಡುವುದು ಒಳ್ಳೆಯದು. ಸಂದೇಹವಿದ್ದವರು ಪ್ರಾದೇಶಿಕ ಸಾರಿಗೆ ಕಚೇರಿಯಲ್ಲಿ ಮೊದಲೇ ಕೇಳಿಕೊಳ್ಳಬೇಕು.

ಕಳಚುವ ಉಪಾಯ ಸುಲಭವಾಗಿರದಿದ್ದರೆ ಯಾರೂ ಕಳಚುವುದಿಲ್ಲವೆಂಬುದು ಲೋಕಾನುಭವ. ನಾಲ್ಕು ಪಾದಗಳಲ್ಲಿ ಒಂದೊಂದು ದಪ್ಪ ಪಿನ್ನು, ಅದು ಜಾರದಂತೆ ಒಂದು ಕ್ಲಿಪ್ಪು. ಸ್ಪಾನರು ಬೇಡುವ ಬೋಲ್ಟುಗಳೆಲ್ಲ ಟ್ರ್ಯಾಕ್ಟರಿನ ಮೈಗೆ ಸೇರಿದ ಅರ್ಧದಲ್ಲಿಯೇ ಇರಲಿ. ಕೊಟ್ಟಿಗೆಯ ತೊಲೆಗೆ ಎರಡು ರಾಟೆಗಳನ್ನು ತೂಗುಬಿಟ್ಟರೆ ಒಬ್ಬನೇ ಹಗ್ಗ ಜಗ್ಗಿ ಮಾಡನ್ನು ಮೇಲೆತ್ತಿ, ಹಗ್ಗವನ್ನು ಭದ್ರವಾಗಿ ಬಿಗಿದ ಬಳಿಕ ಟ್ರ್ಯಾಕ್ಟರನ್ನು ಅಡಿಯಿಂದ ಹೊರಕ್ಕೆ ನಡೆಸಬಹುದು. ಏರಿಸುವಾಗಲೂ ಇದೇ ಕ್ರಮ. ಎತ್ತಿದ ಮಾಡಿನ ಕೆಳಗೆ ಮಕ್ಕಳನ್ನು ಬಿಡಬಾರದು.

ರೋಹಿಣಿಯ ಮಳೆಗೆ ಮೊದಲೇ ಹಂದರವನ್ನು ಇಳಿಸಿ ನೋಡಿ, ಬೆಸುಗೆಯ ಸಂದುಗಳಲ್ಲಿ ಬಿರುಕು ಇದೆಯೇ ಎಂದು ಪರೀಕ್ಷಿಸಿ, ತುಕ್ಕು ಉಜ್ಜಿ ಕೆಂಪು ಆಕ್ಸೈಡು ಬಳಿಯಬೇಕು. ಪೈಪುಗಳ ತಳದಲ್ಲಿ ಸಣ್ಣ ತೂತುಗಳನ್ನು ಕೊರೆದಿರದಿದ್ದರೆ ಒಳಗೆ ನಿಂತ ನೀರು ಹೊರಗೆ ಕಾಣದಂತೆ ಕಬ್ಬಿಣವನ್ನು ತಿಂದುಹಾಕುತ್ತದೆ. ನಡುಕಕ್ಕೆ ನಟ್ಟುಗಳು ಸಡಿಲುವುದು ಮೊದಲ ವಾರದಲ್ಲಿಯೇ ಹೆಚ್ಚು. ಆ ವಾರ ದಿನವೂ ಬೆಳಗ್ಗೆ ಒಂದು ಸುತ್ತು ಬಿಗಿದರೆ ಮುಂದೆ ಎಂಟು ದಿನಕ್ಕೊಮ್ಮೆ ಸಾಕು. ದೀಪಾವಳಿಯ ಹೊತ್ತಿಗೆ ಮಾಡು ಕೊಟ್ಟಿಗೆಯ ತೊಲೆಗೆ ಏರುತ್ತದೆ. ತಾಡಪತ್ರಿಯನ್ನು ಮಾತ್ರ ಬಿಚ್ಚಿ, ತೊಳೆದು, ಚೆನ್ನಾಗಿ ಒಣಗಿಸಿ, ಇಲಿ ಮುಟ್ಟದಂತೆ ತಂತಿಯ ಮೇಲೆ ನೇತುಹಾಕಬೇಕು.